ಗುಡುಗಿದರೆ ಗಾಳಿಪಟ ಇಳಿಯಲಿ
ಆಳನ್ನೇ ಎಳೆದೊಯ್ಯಬಲ್ಲ ಪವರ್ ಕೈಟ್‌ನ ನೈಲಾನ್ ಬಟ್ಟೆ ತುಂತುರು ಮಳೆಯನ್ನು ತಾಳಿಕೊಳ್ಳುತ್ತದೆ. ಆದರೆ ಗಾಳಿ ತುಂಬಿಕೊಳ್ಳುವ ಅದರ ಕೋಶಗಳಿಗೆ ನೀರು ಹೊಕ್ಕರೆ ಪಟ ಭಾರವಾಗಿ ಹಿಡಿತ ತಪ್ಪುತ್ತದೆ.

ಇನ್ನೂ ದೊಡ್ಡ ಅಪಾಯ ಗುಡುಗುಮೋಡದ್ದು. ಗಾಳಿಯ ವೇಗ 2 ಪಟ್ಟಾದರೆ ಎಳೆತ ಸುಮಾರು 4 ಪಟ್ಟಾಗುತ್ತದೆ. ಮಳೆಗೆ ಮುನ್ನ ನುಗ್ಗುವ ಬಿರುಗಾಳಿ ಸುಳಿವನ್ನೂ ಕೊಡುವುದಿಲ್ಲ.

ಮಿಂಚಂತೂ ಮತ್ತೂ ನಿರ್ದಯಿ. 1752ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮೋಡದ ವಿದ್ಯುತ್ತನ್ನು ಇಳಿಸಿಕೊಂಡದ್ದೇ ಮಳೆಗೆ ನೆಂದ ಗಾಳಿಪಟದ ಸೆಣಬಿನ ದಾರದಿಂದ. ಕೈಯಲ್ಲಿ ಹಿಡಿದದ್ದು ಮಾತ್ರ ಒಣ ರೇಷ್ಮೆ, ನಿಂತದ್ದು ಸೂರಿನಡಿ. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಿಂಚಿನ ವಿದ್ಯುತ್ತನ್ನು ಅಳೆಯಹೊರಟ ವಿಜ್ಞಾನಿ ಜಾರ್ಜ್ ರಿಚ್‌ಮನ್ ಸಿಡಿಲಿಗೆ ಬಲಿಯಾದರು.

ಆಷಾಢದ ಗಾಳಿಗೆ ಪಟ ಏರಿಸುವ ದೊಡ್ಡಬಳ್ಳಾಪುರಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಮೊದಲ ಗುಡುಗಿಗೇ ಪಟ ಇಳಿಸುವುದನ್ನು, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುವುದನ್ನು ಪಟ ಹಾರಾಟದ ಸಂಘಟಕರು ಕಡ್ಡಾಯಗೊಳಿಸಬೇಕು.