ತಕ್ಕಡಿಯ ಆಚೆ ಈಚೆ

ನೆರೆಯ ಕಿರಾಣಿ ಅಂಗಡಿಯಲ್ಲಿ ತೂಕ ತುಸು ಕಡಿಮೆಯಾದರೂ ಗಿರಾಕಿ ಒಡನೆ ಆಕ್ಷೇಪಿಸುತ್ತಾನೆ. ಅದು ನ್ಯಾಯವೇ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ 5 ಅತಿಚಾರಗಳನ್ನು ಹೇಳುವಾಗ ತೂಕ-ಅಳತೆಯ ಮೋಸವನ್ನೂ ಕಲಬೆರಕೆಯನ್ನೂ ಸೇರಿಸಿದ್ದಾರೆ.

ಆದರೆ ವರ್ತಕನು ಮರೆತು 50 ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟಾಗ ಅದೇ ಗಿರಾಕಿ ಮೌನವಾಗಿ ಮನೆಗೆ ನಡೆದರೆ? ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಅದೇ ಅಧ್ಯಾಯ ಸಾರುತ್ತದೆ. ಇಲ್ಲಿ ನೀಡಿದ್ದು ವರ್ತಕನ ಕೈ; ಮನಸ್ಸಲ್ಲ. ಸಂಜೆ ಲೆಕ್ಕ ಕೂಡದೆ ಅವನು ಕೆಲಸದ ಹುಡುಗನನ್ನು ಶಂಕಿಸಿದರೆ, ಆ ನಿರಪರಾಧಿಯ ನೋವಿನಲ್ಲಿ ಗಿರಾಕಿಗೂ ಪಾಲುಂಟು.

ಪ್ರತಿಕ್ರಮಣವೆಂದರೆ ತಪ್ಪಿನಿಂದ ಹಿಂದಿರುಗುವುದು. ಬಸದಿಯಲ್ಲಿ ಅದನ್ನು ಪಠಿಸುವ ಶ್ರಾವಕನು ಅಂಗಡಿಯತ್ತ ನಾಲ್ಕು ಹೆಜ್ಜೆ ಹಿಂದಿರುಗಿ ಆ ಹಣವನ್ನು ಒಪ್ಪಿಸಿದರೆ ಮಾತ್ರ ಪಠಣ ಸಾರ್ಥಕ.