ಅವರ ಮಾತೇ ಮೊದಲ ಪಾಠ

ಉಡುಪಿ ಓದುಬರಹ ಬಲ್ಲವರ ಜಿಲ್ಲೆ ಎಂದು ಹೆಸರಾಗಿದೆ. ಆ ಹೆಸರು ಸುಳ್ಳೂ ಅಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ಉಡುಪಿಯದು ಶೇ. 86.24. ಹೆಂಗಸರನ್ನಷ್ಟೇ ಎಣಿಸಿದರೂ ರಾಜ್ಯದ್ದು ಶೇ. 68.08, ನಮ್ಮದು ಶೇ. 81.58. ವೇದಿಕೆ ಸಿಕ್ಕಿದಲ್ಲೆಲ್ಲ ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇವೆ. ಅದೇ ಅಂಕಿಯ ಇನ್ನೊಂದು ಮಗ್ಗುಲಲ್ಲಿ ಜಿಲ್ಲೆಯ ಹೆಚ್ಚುಕಡಿಮೆ ಒಂದು ಲಕ್ಷ ಹೆಂಗಸರಿದ್ದಾರೆ. ಓದಲು ಬಾರದವರು, ರುಜು ಹಾಕುವಲ್ಲಿ ಹೆಬ್ಬೆಟ್ಟು ಒತ್ತುವವರು. ಈ ಸಂಚಿಕೆಯ ಮೊದಲ ಪುಟ ಅವರಿಗಾಗಿ.

ಸರಾಸರಿ ಚೆನ್ನಾಗಿರುವ ಊರಿನಲ್ಲಿ ಹಿಂದುಳಿದವರು ಕಣ್ಣಿಗೆ ಬೀಳುವುದಿಲ್ಲ. 2009ರ ಸೆಪ್ಟೆಂಬರ್ 8ರಂದು ಕೇಂದ್ರ ಸರ್ಕಾರ ‘ಸಾಕ್ಷರ ಭಾರತ’ ಯೋಜನೆಯನ್ನು ಮುಖ್ಯವಾಗಿ ಹೆಂಗಸರಿಗೆಂದೇ ಆರಂಭಿಸಿತು. ವಯಸ್ಕ ಮಹಿಳೆಯರ ಸಾಕ್ಷರತೆ ಶೇ. 50 ಅಥವಾ ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಿಗೆ ಅದರಲ್ಲಿ ಆದ್ಯತೆ ಇತ್ತು. ದೇಶದ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಆ ಅಳತೆಗೋಲಿನಲ್ಲಿ ಉಡುಪಿಯ ಹೆಬ್ಬೆಟ್ಟುಗಳು ಲೆಕ್ಕಕ್ಕೇ ಬರಲಿಲ್ಲ. ಊರಿನ ಅರ್ಧ ಮಂದಿಗೆ ಓದು ಬಾರದಿದ್ದರೆ ಅದು ಯಾರಿಗೂ ನಾಚಿಕೆಯಲ್ಲ. ಮಗಳು ಬ್ಯಾಂಕಿನಲ್ಲಿದ್ದು, ಮೊಮ್ಮಗ ಇಂಜಿನಿಯರಿಂಗ್ ಓದುವ ಮನೆಯಲ್ಲಿ ಮಾತ್ರ ಅದನ್ನು ಮುಚ್ಚಿಡಬೇಕಾಗುತ್ತದೆ. ‘ಕನ್ನಡಕ ತರಲಿಲ್ಲ, ನೀನೇ ಓದು ಮಗಾ’ ಎನ್ನುವ ಅಮ್ಮಂದಿರನ್ನು ನಾವೆಲ್ಲ ಕಂಡಿದ್ದೇವೆ. ಹೀಗೆ ಮುಚ್ಚಿಟ್ಟುಕೊಂಡವರನ್ನು ‘ಅನಕ್ಷರಸ್ಥರೇ ಬನ್ನಿ’ ಎಂದು ಬ್ಯಾನರ್ ಕಟ್ಟಿ ಕರೆದರೆ ಒಬ್ಬರೂ ಬರುವುದಿಲ್ಲ.

ಹಾಗಾದರೆ ಹೇಗೆ ಕರೆಯಬೇಕು? ಕಡಿಯಾಳಿಯನ್ನು ಮುಂದಿಟ್ಟುಕೊಂಡು ಯೋಚಿಸೋಣ. ಮಹಿಷಮರ್ದಿನಿ ದೇವಸ್ಥಾನದ ಈ ಊರು ಉಡುಪಿ–ಮಣಿಪಾಲ ರಸ್ತೆಯಲ್ಲಿದೆ. ಪಕ್ಕದ ಕುಂಜಿಬೆಟ್ಟಿನಲ್ಲಿ 1949ರಿಂದ ಎಂಜಿಎಂ ಕಾಲೇಜು; ಇಂದ್ರಾಳಿ ದಾಟಿ ಮುಂದೆ ಹೋದರೆ ವಿಶ್ವವಿದ್ಯಾಲಯದ ಮಣಿಪಾಲ. ಇಷ್ಟು ಸಣ್ಣ ದಾರಿಯಲ್ಲಿ ಇಷ್ಟೊಂದು ವಿದ್ಯೆ ನೆರೆದಿರುವ ಊರುಗಳು ನಾಡಿನಲ್ಲಿ ಹೆಚ್ಚಿಲ್ಲ. ಇದೇ ದಾರಿಯ ಬಸ್ಸುಗಳಲ್ಲಿ ದಿನಾ ಬೆಳಿಗ್ಗೆ ಮನೆಗೆಲಸಕ್ಕೆ, ಹೋಟೆಲಿನ ಅಡುಗೆಮನೆಗೆ, ಆಸ್ಪತ್ರೆ ಕಾಲೇಜುಗಳ ಕಸ ಗುಡಿಸಿ ನೆಲ ಒರೆಸುವ ಕೆಲಸಕ್ಕೆ ಹೆಂಗಸರು ಹೋಗುತ್ತಾರೆ. ಅವರಲ್ಲಿ ಬಸ್ಸಿನ ಬಣ್ಣ ನೋಡಿ, ಕಂಡಕ್ಟರನ ಕೂಗು ಕೇಳಿ ಹತ್ತುವವರೂ ಇದ್ದಾರೆ. ಬೋರ್ಡು ಅವರಿಗಾಗಿ ಬರೆದದ್ದಲ್ಲ.

ಆದರೆ ಅವರಿಗೆ ಏನೂ ತಿಳಿಯದು ಎಂದುಕೊಂಡು ಕಲಿಸಲು ಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯ ಲೆಕ್ಕ ನೋಡಿ: ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗಿನ ಹೊತ್ತು ಮಾತಾಡುತ್ತಲೇ ಈ ಲೆಕ್ಕ ತಪ್ಪದೆ ಹೂ ಕಟ್ಟುವ ಅಮ್ಮನಿಗೆ ಗಣಿತ ಬಾರದು ಎನ್ನಲು ಯಾರಿಗೂ ಬಾಯಿ ಬಾರದು. ಕಾರ್ಕಳದ ಕಡೆ ಬೀಡಿ ಕಟ್ಟುವವರು ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆಯುವವರು. ಕಟ್ಟಿದ್ದೆಷ್ಟು, ತಿರಸ್ಕಾರವಾದದ್ದೆಷ್ಟು, ಕೈಗೆ ಬರಬೇಕಾದದ್ದೆಷ್ಟು ಎಂಬುದು ಅವರಿಗೆ ಬಾಯಿಪಾಠ. ಬೀಡಿ ಬ್ರಾಂಚಿನಲ್ಲಿ ತಮ್ಮ ಪುಸ್ತಕದೊಳಗೆ ಬರೆದುಕೊಟ್ಟದ್ದು ಅದೇ ಮೊತ್ತವೋ ಅಲ್ಲವೋ ಎಂದು ನೋಡಿಕೊಳ್ಳಲು ಮಾತ್ರ ಬೇರೆಯವರ ಕಣ್ಣು ಬೇಕು. ಅವರಿಗೆ ತಪ್ಪಿಹೋಗಿರುವುದು ಇಷ್ಟು. ಇದು ಸಣ್ಣದೇನಲ್ಲ, ಆದರೆ ತುಂಬಿಕೊಳ್ಳಲಾಗದ್ದೂ ಅಲ್ಲ.

ಕುಂಜಿಬೆಟ್ಟಿನ ಆ ಕಾಲೇಜಿನ ಆವರಣದಲ್ಲೇ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಉ.ಪಾ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ಅಲ್ಲಿಯ ಕೆಲಸ. ಆ ಸಂಪುಟಗಳಿಗೆ ಶಬ್ದ ಬಂದದ್ದು ಎಲ್ಲಿಂದ? ನೇಜಿ ನೆಡುವ ಗದ್ದೆಯಿಂದ, ಪಾಡ್ದನದಿಂದ, ಅಡುಗೆಮನೆಯಿಂದ, ಶಾಲೆಯ ಮೆಟ್ಟಿಲು ಹತ್ತದವರ ಬಾಯಿಂದ. ಓದಿದವರಿಗೆ ಓದದವರು ಪಾಠ ಹೇಳಿದ ಊರು ಇದು. ಆ ಸಾಲ ತೀರಿಸಲು ಕಡಿಯಾಳಿಗಿಂತ ಒಳ್ಳೆಯ ಜಾಗ ಬೇಕೆ?

ಇಲ್ಲಿ ಕೆಲಸ ಶೂನ್ಯದಿಂದ ಶುರುವಾಗಬೇಕಿಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿ, 1990ರ ಫೆಬ್ರವರಿಯಲ್ಲಿ ಎರ್ನಾಕುಳಂ ಸಂಪೂರ್ಣ ಸಾಕ್ಷರ ಜಿಲ್ಲೆಯಾದ ಮೇಲೆ ಆ ಅಲೆ ನಮ್ಮಲ್ಲಿಗೂ ಬಂತು. ಉಡುಪಿ ಇನ್ನೂ ದಕ್ಷಿಣ ಕನ್ನಡದ ಭಾಗವಾಗಿದ್ದ ದಿನಗಳವು. ಜಾಥಾ, ಬೀದಿನಾಟಕ, ಹಾಡು, ಸಂಜೆಯ ಜಗಲಿ ತರಗತಿಗಳಲ್ಲಿ ಆಗ ದುಡಿದ ಸ್ವಯಂಸೇವಕರು ಈಗಲೂ ನಮ್ಮ ನಡುವೆ ಇದ್ದಾರೆ. ಅದೇ ಹೊತ್ತಿಗೆ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಅಕ್ಷರದ ಜೊತೆ ಸೈಕಲ್ ಕಲಿಸಿದರು. ಸಾವಿರಾರು ಹೆಂಗಸರು ಸೈಕಲ್ ಹತ್ತಿ ನೀರಿಗೆ, ಸಂತೆಗೆ, ಕೆಲಸಕ್ಕೆ ಹೊರಟರು. ಹೆಂಗಸರಿಗೆ ಬೇಕಾದದ್ದರ ಜೊತೆ ಅಕ್ಷರ ಸೇರಿದಲ್ಲಿ ಅದು ಕೈ ಹಿಡಿಯಿತು. ಪ್ರಮಾಣಪತ್ರಕ್ಕಾಗಿ ಕಲಿಸಿದ್ದು ಬಳಕೆ ತಪ್ಪಿ ಮರೆತುಹೋಯಿತು.

ನಾವು ಕಾಣಬಯಸುವ ಕಲಿಕೆಯ ಕೂಟಕ್ಕೆ ಮಾದರಿ ನಮ್ಮಲ್ಲೇ ಇದೆ. ಆಟಿ ತಿಂಗಳಲ್ಲಿ ಊರೂರಲ್ಲಿ ‘ಆಟಿಡೊಂಜಿ ದಿನ’ ನಡೆಯುತ್ತದೆ. ಪತ್ರೊಡೆ, ಕಣಿಲೆ ಪಲ್ಯ, ತಜಂಕಿನ ಅಂಬಡೆ ಮಾಡಿಕೊಂಡು ಬಂದು, ಕೂತು, ಹಾಡಿ, ಉಣ್ಣುವ ದಿನ. ಅಲ್ಲಿ ಯಾರನ್ನೂ ಎಷ್ಟನೇ ಕ್ಲಾಸು ಎಂದು ಕೇಳುವುದಿಲ್ಲ. ವಯಸ್ಸಾದ ಅಮ್ಮಂದಿರೇ ಅಲ್ಲಿ ದೊಡ್ಡವರು. ಯಾವ ಸೊಪ್ಪು ಯಾವ ನೋವಿಗೆ, ಯಾವುದನ್ನು ಎಷ್ಟು ಬೇಯಿಸಬೇಕು ಎಂದು ಬಲ್ಲವರು ಅವರು. ಅಂಥ ಚಾಪೆಯ ಮೇಲೆ ಕಾಲೇಜು ಹುಡುಗಿಯೊಬ್ಬಳು ಪುಸ್ತಕ ಬಿಡಿಸಿಕೊಂಡು ಅಮ್ಮನ ಪಕ್ಕ ಕೂರಲಿ. ಅಮ್ಮ ಹೇಳಲಿ, ಹುಡುಗಿ ಬರೆದುಕೊಳ್ಳಲಿ, ದೊಡ್ಡ ಅಕ್ಷರದಲ್ಲಿ, ಅಮ್ಮನ ಮಾತಿನಲ್ಲೇ. ತುಳುವಿನಲ್ಲಿ ಹೇಳಿದರೆ ತುಳುವನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿ. ಕೊಂಕಣಿ, ಬ್ಯಾರಿ ಆದರೂ ಹಾಗೆಯೇ. ಮರುವಾರ ಅದೇ ಹಾಳೆ ಅಮ್ಮನ ಕೈಗೆ ಬರಲಿ. ಮೊದಲು ತನ್ನ ಹೆಸರು, ಆಮೇಲೆ ತಾನೇ ಆಡಿದ ಮಾತು. ಅರ್ಥ ಗೊತ್ತಿರುವುದರಿಂದ ಕಣ್ಣು ಅಕ್ಷರವನ್ನಷ್ಟೇ ಹುಡುಕಿದರೆ ಸಾಕು. ಮನೆಮಾತು ತುಳುವಾಗಿರುವ ಹೆಂಗಸಿಗೆ ಕನ್ನಡದ ಪಾಠಪುಸ್ತಕ ಕೊಟ್ಟರೆ ಹೊಸ ಅಕ್ಷರ, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಹೊರಿಸಿದಂತಾಗುತ್ತದೆ. ಒಂದು ಭಾರ ಇಳಿಸಿಕೊಟ್ಟರೆ ಇನ್ನೊಂದನ್ನು ಅವರು ಖಂಡಿತ ಹೊರುತ್ತಾರೆ, ಕನ್ನಡದ ಓದಿಗೂ ಬರುತ್ತಾರೆ.

ಇಂಥ ಕೂಟ ಮಾಡುವವರಿಗೆ ಒಂದೆರಡು ಮಾತು. ಹೊತ್ತನ್ನು ಅವರೇ ಹೇಳಲಿ. ಮಲ್ಲಿಗೆ ಕಟ್ಟುವವರಿಗೆ ಬೆಳಿಗ್ಗೆ ಆಗದು, ಅಡುಗೆಗೆ ಹೋಗುವವರಿಗೆ ಸಂಜೆ ಆಗದು. ಕೂಡುವ ಜಾಗ ಪರಿಚಯದ್ದಾಗಿರಲಿ. ಸ್ತ್ರೀಶಕ್ತಿ, ಸ್ವಸಹಾಯ ಗುಂಪುಗಳು ಹೇಗೂ ವಾರಕ್ಕೊಮ್ಮೆ ಸೇರುತ್ತವೆ, ಅಲ್ಲೇ ಒಂದು ಗಂಟೆ ಹೆಚ್ಚು ಕೂತರಾಯಿತು. ಮೊದಲ ದಿನವೇ ಕಣ್ಣು ಪರೀಕ್ಷೆ ಆಗಲಿ. ನಲವತ್ತೈದು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ‘ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಎದ್ದುಹೋಗುವವರಲ್ಲಿ ಅನೇಕರಿಗೆ ಬೇಕಾಗಿರುವುದು ಚಾಳೀಸು ಕನ್ನಡಕ. ಪಾಠಕ್ಕೆ ಪಾಸ್‌ಬುಕ್ಕು, ರೇಷನ್ ಕಾರ್ಡು, ಮಾತ್ರೆಯ ಚೀಟಿ, ಮೊಬೈಲಿಗೆ ಬಂದ ಬ್ಯಾಂಕಿನ ಸಂದೇಶ, ಮದುವೆ ಕಾಗದ ಎಲ್ಲವೂ ಆಗುತ್ತವೆ. ಮೊಮ್ಮಕ್ಕಳನ್ನು ಕರೆತಂದರೆ ಬೇಡ ಎನ್ನಬಾರದು. ಪರೀಕ್ಷೆ ಬೇಕೆಂದವರಿಗೆ ಅದೂ ಇದೆ: 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮ ಹದಿನೈದು ತುಂಬಿದ, ಓದುಬರಹ ಬಾರದ ಎಲ್ಲರಿಗೂ ತೆರೆದಿದೆ, ಸ್ವಯಂಸೇವಕರನ್ನೇ ನಂಬಿ ನಡೆಯುತ್ತದೆ.

ಪತ್ರಿಕೆಯವರಾದ ನಮಗೂ ಇದರಲ್ಲಿ ಪಾಲಿದೆ. ‘ಗಿರಿಬಾಲೆ’ ಎಂಬ ಹೆಸರಿನಲ್ಲಿ ಕಥೆ ಬರೆದ ಸರಸ್ವತಿಬಾಯಿ ರಾಜವಾಡೆ ಇದೇ ಉಡುಪಿಯಲ್ಲಿದ್ದು ‘ಸುಪ್ರಭಾತ’ ಪತ್ರಿಕೆ ನಡೆಸಿದವರು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಓದು ಕಲಿತವರಿಗೆಂದೇ ‘ಬೆಳಕು’ ವಾರಪತ್ರಿಕೆ ಹೊರತಂದಿತ್ತು. ಅವರಿಂದ ಬಲ ಪಡೆದು ನಾವೂ ಒಂದು ನಿರ್ಧಾರ ಮಾಡಿದ್ದೇವೆ. ಮುಂದಿನ ಸಂಚಿಕೆಯಿಂದ ಎರಡು ಪುಟಗಳು ದೊಡ್ಡ ಅಕ್ಷರದಲ್ಲಿ, ಹೊಸದಾಗಿ ಓದು ಕಲಿತ ಹೆಂಗಸರು ಹೇಳಿದ ಮತ್ತು ಬರೆದ ಮಾತುಗಳಿಗೆ ಮೀಸಲು. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಯಾವುದಾದರೂ ಆಗಲಿ, ಹೇಳಿದಂತೆಯೇ ಅಚ್ಚಾಗುತ್ತದೆ, ನಾವು ತಿದ್ದುವುದಿಲ್ಲ. ಈ ಪತ್ರಿಕೆ ಓದುವ ನೀವು ನಿಮ್ಮ ಮನೆಯ, ನೆರೆಮನೆಯ, ಗುಂಪಿನ ಒಬ್ಬ ಅಮ್ಮನ ಪಕ್ಕ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅವರ ಒಪ್ಪಿಗೆ ಪಡೆದು ನಮಗೆ ಕಳುಹಿಸಿ. ಅಚ್ಚಾದ ಪತ್ರಿಕೆಯನ್ನು ಕೊಂಡುಹೋಗಿ ಅವರ ಕೈಗೆ ಕೊಟ್ಟು, ಅವರಿಂದಲೇ ಓದಿಸಿ.