ಮಕ್ಕಳ ಪಾಲಿನ ಬಾಕಿ

ಹಿರಿಯರು ಹೇಳುವ ಬುದ್ಧಿವಾದವು ಎಲ್ಲ ಕಾಲದಲ್ಲಿಯೂ ಹಿತವೇ ಆಗಿರುವುದೆಂದು ಹಿರಿಯರಾದ ನಾವು ನಂಬುವುದು ಸಹಜ. ಆ ನಂಬಿಕೆಗೆ ಕಳೆದ ವರ್ಷ ಒಂದು ಪೆಟ್ಟು ಬಿದ್ದಿತು. ಅದರಲ್ಲಿ ತಪ್ಪು ನಮ್ಮದೇ ಆದುದರಿಂದ, ಮರೆಮಾಚದೆ ವಾಚಕರ ಮುಂದಿಡುವುದು ಕರ್ತವ್ಯವೆಂದು ತೋರಿ ಈ ತಿಂಗಳು ಅದನ್ನೇ ಬರೆಯುತ್ತಿರುವೆವು.

ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮಲ್ಲಿ ಶಬ್ದರೂಪಗಳನ್ನು ಕಲಿತ ಹುಡುಗಿಯೊಬ್ಬಳು ಇಂದು ಎರಡು ಮಕ್ಕಳ ತಾಯಿ. ಸಂಸಾರವು ಒಡೆದು, ಮಕ್ಕಳಿಬ್ಬರೂ ಆಕೆಯ ಬಳಿಯಲ್ಲಿಯೇ ಉಳಿದರು. ಕುಟುಂಬ ನ್ಯಾಯಾಲಯವು ಆ ಮಕ್ಕಳಿಗಾಗಿ ತಿಂಗಳಿಗೆ 8,000 ರೂಪಾಯಿ ಜೀವನಾಂಶವನ್ನು ಗೊತ್ತುಮಾಡಿತು. ಖಾಸಗಿ ಕಂಪೆನಿಯೊಂದರಲ್ಲಿ ನೌಕರನಾದ ತಂದೆಯು ಆರು ತಿಂಗಳು ಕೊಟ್ಟನು; ಆಮೇಲೆ ನಿಲ್ಲಿಸಿದನು. "ಮೇಷ್ಟ್ರೇ, ಮತ್ತೆ ಕೋರ್ಟಿಗೆ ಹೋಗಲೇ?" ಎಂದು ಆಕೆಯು ನಮ್ಮನ್ನು ಕೇಳಿದಳು. "ಸ್ವಲ್ಪ ತಾಳಮ್ಮ. ಹೆತ್ತ ತಂದೆಯಲ್ಲವೇ? ಇಂದಲ್ಲ ನಾಳೆ ಮನಸ್ಸು ಕರಗೀತು" ಎಂದೆವು. ಗುರುವಿನ ಮಾತೆಂದು ಆಕೆಯು ತಾಳಿದಳು. ಒಂದಲ್ಲ ಎರಡಲ್ಲ, ಹದಿನಾಲ್ಕು ತಿಂಗಳು!

ಕಳೆದ ವರ್ಷ ಶಾಲೆಗಳು ತೆರೆಯುವ ಕಾಲಕ್ಕೆ ಆಕೆಯು ಪುನಃ ನಮ್ಮ ಜಗಲಿಗೆ ಬಂದಳು. ಹಿರಿಯ ಮಗಳ ಶಾಲೆಯ ಶುಲ್ಕಕ್ಕೆ ಹಣವಿಲ್ಲ. ಹೊಲಿಗೆಯಿಂದ ಸಂಪಾದಿಸಿ ಕೂಡಿಟ್ಟುದು ಬ್ಯಾಂಕಿನಲ್ಲಿರುವುದು ನಿಜ. ಆದರೆ ಖಾತೆಯು ಮದುವೆಯಾದ ಹೊಸದರಲ್ಲಿ ಗಂಡಹೆಂಡಿರಿಬ್ಬರ ಹೆಸರಿನಲ್ಲಿ ತೆರೆದುದು. ಇಬ್ಬರಲ್ಲಿ ಯಾರಾದರೊಬ್ಬರು ಹಣ ತೆಗೆಯಬಹುದೆಂಬ ಏರ್ಪಾಡಿದ್ದಿತು. ಗಂಡನು ಅದಕ್ಕೆ ಆಕ್ಷೇಪಿಸಿ ಬ್ಯಾಂಕಿಗೆ ಒಂದು ಕಾಗದ ಬರೆದನು. ಅಂದಿನಿಂದ ಇಬ್ಬರ ರುಜುವೂ ಇಲ್ಲದೆ ಒಂದು ಕಾಸೂ ಹೊರಬರದು. "ದುಡಿದವಳು ನಾನು ಮೇಷ್ಟ್ರೇ, ಆದರೆ ಬೀಗದಕೈ ಅವರ ಹತ್ತಿರ" ಎಂದಳು. ನಮಗೆ ಉತ್ತರ ತೋರಲಿಲ್ಲ.

ಮರುದಿನವೇ ಆಕೆಯೊಡನೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋದೆವು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಹೆಂಗಸರಿಗೂ ಮಕ್ಕಳಿಗೂ, ಅವರ ವರಮಾನವೆಷ್ಟೇ ಇರಲಿ, ವಕೀಲರ ನೆರವು ಉಚಿತವಾಗಿ ದೊರೆಯುವುದೆಂಬುದನ್ನು ಅಂದೇ ನಾವು ಅರಿತುದು. 15100 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿಯೂ ಈ ನೆರವನ್ನು ವಿಚಾರಿಸಬಹುದು.

ಅಲ್ಲಿ ದೊರೆತ ವಕೀಲರು ಲೆಕ್ಕವನ್ನು ನೋಡಿ, ಮೊದಲು ನಮಗೇ ಪಾಠ ಹೇಳಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು, ಅದಕ್ಕೆ ಹಿಂದಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಂತೆಯೇ, ಒಂದು ಗಡುವನ್ನು ಇಟ್ಟಿರುವುದು. ಬಾಕಿಯಾದ ಹಣವನ್ನು ವಾರಂಟಿನ ಮೂಲಕ ವಸೂಲು ಮಾಡಿಸಬೇಕಾದರೆ, ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿಯನ್ನು ಹಾಕತಕ್ಕದ್ದು. ಹದಿನಾಲ್ಕು ತಿಂಗಳಲ್ಲಿ ಮೊದಲ ಎರಡು ತಿಂಗಳು ಈ ಗಡುವನ್ನು ದಾಟಿಹೋಗಿದ್ದವು! ಸಾಲವೇನೋ ಅಳಿಯುವುದಿಲ್ಲ, ಬೇರೆ ದಾರಿಯಿಂದ ಕೇಳಬಹುದು. ಆದರೆ ಹತ್ತಿರದ ದಾರಿಯು ಮುಚ್ಚಿತು. ಎರಡು ತಿಂಗಳೆಂದರೆ 16,000 ರೂಪಾಯಿ. ನಮ್ಮ "ಸ್ವಲ್ಪ ತಾಳಮ್ಮ" ಎಂಬ ಉಪದೇಶಕ್ಕೆ ಆ ಮಕ್ಕಳು ತೆತ್ತ ಬೆಲೆ ಅಷ್ಟು.

ಉಳಿದ ಬಾಕಿಗೆ ಅರ್ಜಿ ಬಿದ್ದಿತು. ತಕ್ಕ ಕಾರಣವಿಲ್ಲದೆ ಕೊಡದವನ ಸ್ವತ್ತಿನಿಂದ, ದಂಡವನ್ನು ವಸೂಲು ಮಾಡುವ ರೀತಿಯಲ್ಲಿ, ನ್ಯಾಯಾಲಯವು ಬಾಕಿಯನ್ನು ಎತ್ತಬಹುದು. ಹಾಗೂ ಉಳಿದರೆ ಪ್ರತಿಯೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಸೆರೆಮನೆಗೆ ಕಳುಹಿಸಬಹುದು. ಸೆರೆಮನೆಗೆ ಹೋಗಿಬಂದರೆ ಸಾಲ ತೀರಿತೆಂದು ಕೆಲವರು ಭಾವಿಸುವರು. ಅದು ತಪ್ಪು. ಸೆರೆವಾಸವು ಹಣ ಕೊಡಿಸುವ ಉಪಾಯವೇ ಹೊರತು ಹಣಕ್ಕೆ ಬದಲಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿಯೇ ಹೇಳಿರುವುದು. ಜೀವನಾಂಶದ ಆಜ್ಞೆಯನ್ನು ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯಂತೆಯೂ ಜಾರಿಮಾಡಬಹುದೆಂದು ಅದೇ ನ್ಯಾಯಾಲಯವು 2020ರ ನವೆಂಬರ್ 4ರಂದು ಸ್ಪಷ್ಟಪಡಿಸಿತು.

ಬ್ಯಾಂಕಿನ ಖಾತೆಯನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಈ ಎರಡನೆಯ ದಾರಿಯಲ್ಲಿ ಬರುವ ಮಾತು. ಇದರ ಮರ್ಮವು ಸರಳವಾದುದು. ನಾವು ಬ್ಯಾಂಕಿನಲ್ಲಿಟ್ಟ ಹಣವು ವಾಸ್ತವವಾಗಿ ನಾವು ಬ್ಯಾಂಕಿಗೆ ಕೊಟ್ಟ ಸಾಲ. ಬ್ಯಾಂಕು ನಮ್ಮ ಸಾಲಗಾರ. ತಂದೆಯು ಮಕ್ಕಳಿಗೆ ಸಾಲಗಾರ, ಬ್ಯಾಂಕು ತಂದೆಗೆ ಸಾಲಗಾರ. ನ್ಯಾಯಾಲಯವು ನಡುವಿನವನನ್ನು ಬಿಟ್ಟು, "ಅವನಿಗೆ ಕೊಡಬೇಕಾದುದನ್ನು ಇಲ್ಲಿಗೆ ತಂದು ಕಟ್ಟು" ಎಂದು ಬ್ಯಾಂಕಿಗೆ ಹೇಳುವುದು. ಆದರೆ ಇಂತಹ ಆಜ್ಞೆಯು, ಅದು ಬ್ಯಾಂಕಿಗೆ ಮುಟ್ಟಿದ ಹೊತ್ತಿನಲ್ಲಿ ಖಾತೆಯಲ್ಲಿದ್ದ ಹಣವನ್ನಷ್ಟೇ ಸಾಮಾನ್ಯವಾಗಿ ಹಿಡಿಯುವುದು. ಸಂಬಳ ಬಂದ ದಿನವೇ ಬರಿದು ಮಾಡುವವನ ಖಾತೆಗೆ ಬೀಗ ಹಾಕಿ ಫಲವೇನು? ನಮ್ಮ ಶಿಷ್ಯೆಯ ವಿಷಯದಲ್ಲಿಯೂ ಖಾತೆಯಲ್ಲಿ ಸಿಕ್ಕಿದುದು ಎರಡು ಸಾವಿರಕ್ಕೂ ಕಡಮೆ.

ಆಗ ವಕೀಲರು ಸಂಬಳದ ಮೂಲಕ್ಕೇ ಕೈಯಿಟ್ಟರು. ಸಾಮಾನ್ಯ ಸಾಲಕ್ಕಾದರೆ ಸಂಬಳದಲ್ಲಿ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರನೆಯ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗಾದರೋ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ನೌಕರನಿಗೆ ಮೂರನೆಯ ಒಂದು ಪಾಲನ್ನು ಮಾತ್ರ ಉಳಿಸಿ, ಮಿಕ್ಕುದನ್ನು ಜಪ್ತಿಗೆ ತೆರೆದಿಟ್ಟಿರುವುದು. ಅಂಗಡಿಯವನ ಸಾಲಕ್ಕಿಂತ ಮಕ್ಕಳ ಅನ್ನದ ಸಾಲವು ದೊಡ್ಡದೆಂದು ಕಾನೂನು ಬಗೆದಿರುವುದಕ್ಕೆ ಇದೇ ಸಾಕ್ಷಿ. ಈಗ ಕಂಪೆನಿಯೇ ತಿಂಗಳು ತಿಂಗಳಿಗೂ ಹಣವನ್ನು ಹಿಡಿದು ನ್ಯಾಯಾಲಯಕ್ಕೆ ಕಳುಹಿಸುತ್ತಿದೆ. ತಾಯಿಯು ತನ್ನೊಬ್ಬಳ ಹೆಸರಿನಲ್ಲಿಯೇ ಬೇರೊಂದು ಖಾತೆಯನ್ನು ತೆರೆದಿರುವಳು. ಮಗಳು ಶಾಲೆ ಬಿಡಲಿಲ್ಲ. ಆ ಎರಡು ತಿಂಗಳ ಬಾಕಿ ಮಾತ್ರ ಇನ್ನೂ ಬರಲಿಲ್ಲ.

ತಂದೆಯ ಪಕ್ಷವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಕೆಲಸ ಹೋಗಬಹುದು, ಕಾಯಿಲೆ ಬೀಳಬಹುದು. ಅಂತಹವನು ಮೌನವಾಗಿ ಕೊಡುವುದನ್ನು ನಿಲ್ಲಿಸಕೂಡದು. ಮೊತ್ತವನ್ನು ಮಾರ್ಪಡಿಸಬೇಕೆಂದು ಅದೇ ಸಂಹಿತೆಯ 146ನೆಯ ಕಲಮಿನಂತೆ ನ್ಯಾಯಾಲಯವನ್ನೇ ಕೇಳಬೇಕು. ಹೆಂಡತಿಯ ಮೇಲಣ ಮುನಿಸು ಮಾತ್ರ ಕಾರಣವಾಗಲಾರದು. ಜಗಳವು ಗಂಡಹೆಂಡಿರದು, ಹಸಿವು ಮಕ್ಕಳದು.

ಮನೆಗಳಲ್ಲಿರುವ ಹಿರಿಯರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ಇಂತಹ ಕಷ್ಟದಲ್ಲಿ ಮಗಳೋ ಸೊಸೆಯೋ ನಿಮ್ಮ ಬಳಿಗೆ ಬಂದರೆ, ಸಮಾಧಾನದ ಮಾತನ್ನು ಖಂಡಿತವಾಗಿಯೂ ಆಡಿ. ಆದರೆ ಅದರೊಡನೆ ಒಂದು ನೋಟುಪುಸ್ತಕವನ್ನೂ ಕೈಗೆ ಕೊಡಿ. ಯಾವ ತಿಂಗಳು ಎಷ್ಟು ಬಂದಿತು, ಯಾವ ತಿಂಗಳು ಬರಲಿಲ್ಲ ಎಂಬುದನ್ನು ಆಕೆಯು ಅದರಲ್ಲಿ ಬರೆದಿಡಲಿ. ನ್ಯಾಯಾಲಯದ ಆಜ್ಞೆಯ ದೃಢೀಕೃತ ಪ್ರತಿಯು ಮನೆಯಲ್ಲಿರಲಿ. ತಂದೆಯು ಕೆಲಸ ಮಾಡುವ ಸ್ಥಳ, ಬ್ಯಾಂಕಿನ ಶಾಖೆ ತಿಳಿದಿದ್ದರೆ ಗುರುತು ಹಾಕಿಕೊಳ್ಳಲಿ. ಎರಡು ಮೂರು ತಿಂಗಳು ತಪ್ಪಿದೊಡನೆಯೇ ಅರ್ಜಿ ಹೋಗಲಿ. ರಾಜಿಯ ಮಾತು ಅರ್ಜಿ ಹಾಕಿದ ಮೇಲೂ ನಡೆಯಬಹುದು. ಕಳೆದ ಗಡುವು ಮಾತ್ರ ಹಿಂದಿರುಗದು.

ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾವು. ತಂದೆಯನ್ನು ಹೇಳುವ 'ಪಿತೃ' ಎಂಬ ಶಬ್ದಕ್ಕೆ ಕಾಪಾಡುವುದೆಂಬ ಅರ್ಥದ 'ಪಾ' ಧಾತುವೇ ಮೂಲವೆಂದು ಅದೇ ಮಕ್ಕಳಿಗೆ ವ್ಯುತ್ಪತ್ತಿಯನ್ನೂ ಹೇಳಿದೆವು. ಆದರೆ ಕಾಪಾಡದ ತಂದೆಯಿಂದ ಮಕ್ಕಳ ಋಣವನ್ನು ಕೇಳಿ ಪಡೆಯುವುದು ನಿಷ್ಠುರವಲ್ಲ, ಧರ್ಮವೇ ಎಂಬುದನ್ನು ಕಲಿಯಲು ನಮಗೆ ಶಿಷ್ಯೆಯೇ ಗುರುವಾಗಬೇಕಾಯಿತು. ತಾಳ್ಮೆಯು ದೊಡ್ಡ ಗುಣ, ಸಂದೇಹವಿಲ್ಲ. ಆದರೆ ಅದನ್ನು ನಮ್ಮ ಸ್ವಂತ ಊಟದಿಂದ ಆಚರಿಸಬೇಕಲ್ಲದೆ, ಮಕ್ಕಳ ತಟ್ಟೆಯಿಂದಲ್ಲ.